ಹುಡುಕಿದರೂ ಸಿಗದಂತೆ ಮಾಡುವುದು: ಸರ್ಚ್ ಎಂಜಿನ್, ಸರ್ಕಾರ, ಸೆನ್ಸಾರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಐಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ನಾನು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪಾಠ ಹೇಳುತ್ತೇನೆ. ಜಾಲತಾಣ ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಸೆಕ್ಷನ್ 69ಎ ಬಂತೆಂದರೆ ಪಾಠ ನಿಂತು ವಾದ ಶುರುವಾಗುತ್ತದೆ. ಅಲ್ಲಿ ಬಂದ ಪ್ರಶ್ನೆಗಳ ಜೊತೆಗೆ ಗದಗ, ಹಾವೇರಿ ಕಡೆಯ ಪರಿಚಯಸ್ಥರು ಫೋನಿನಲ್ಲಿ ಕೇಳಿದ್ದನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಉತ್ತರಗಳಲ್ಲಿ ಕಾನೂನು ಹೇಳುವುದನ್ನೂ ನನ್ನ ಅಭಿಪ್ರಾಯವನ್ನೂ ಕಲಸದೆ ಬರೆಯಲು ನೋಡಿದ್ದೇನೆ.

ಸರ್ರ, ಗೂಗಲ್‌ನವರು ಒಂದು ಪುಟ ತಗದ್ರು ಅಂದ್ರ ಆ ಪುಟಾನ ಹೋತೇನ್ರಿ?

ಇಲ್ಲ. ಪುಟ ಇರುವುದು ಬೇರೆ ಯಾರದೋ ಸರ್ವರ್‌ನಲ್ಲಿ. ಸರ್ಚ್ ಎಂಜಿನ್ ಬಳಿ ಇರುವುದು ಆ ಪುಟದ ಸೂಚಿ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ಕಪಾಟಿನಲ್ಲೇ ಇದೆ, ಅದರ ಸೂಚಿ ಕಾರ್ಡನ್ನು ಮಾತ್ರ ಯಾರೋ ಎತ್ತಿಟ್ಟಿದ್ದಾರೆ ಅಂದುಕೊಳ್ಳಿ. ಕಪಾಟು ಗೊತ್ತಿದ್ದವರು ಸೀದಾ ಹೋಗಿ ತೆಗೆದುಕೊಳ್ಳುತ್ತಾರೆ. ಗೊತ್ತಿಲ್ಲದವರ ಪಾಲಿಗೆ ಆ ಪುಸ್ತಕ ಹುಟ್ಟೇ ಇಲ್ಲ.

ಇದರಲ್ಲಿ ಮೂರು ತರಹ ಇವೆ, ಜನ ಮೂರನ್ನೂ ಒಂದೇ ಎಂದುಕೊಳ್ಳುತ್ತಾರೆ. ಇಂಟರ್‌ನೆಟ್ ಕೊಡುವ ಕಂಪನಿಗೆ ಆದೇಶ ಹೋದರೆ ಜಾಲತಾಣ ತೆರೆಯುವುದೇ ಇಲ್ಲ. ಅದು ಕಣ್ಣಿಗೆ ಕಾಣುವ ತಡೆ. ಸರ್ಚ್ ಎಂಜಿನ್‌ಗೆ ಆದೇಶ ಹೋದರೆ ಜಾಲತಾಣ ತೆರೆಯುತ್ತದೆ, ಆದರೆ ಹುಡುಕಿದಾಗ ಪಟ್ಟಿಯಲ್ಲಿ ಬರುವುದಿಲ್ಲ. ಮೂರನೆಯದು ಇನ್ನೂ ನಯವಾದದ್ದು: ಪುಟ ಪಟ್ಟಿಯಲ್ಲಿದೆ, ಆದರೆ ಯಾರೂ ಹೋಗದಷ್ಟು ಕೆಳಗೆ. ಇಲ್ಲವೇ ನೀವು ಟೈಪ್ ಮಾಡುವಾಗ ತಾನಾಗಿ ಬರುವ ಸಲಹೆಗಳಲ್ಲಿ ಆ ಪದ ಬರುವುದಿಲ್ಲ. ಎರಡನೆಯದು, ಮೂರನೆಯದು ಆದಾಗ ನಿಮಗೆ ಏನೋ ತಪ್ಪಿಹೋಯಿತು ಎಂಬ ಅನುಮಾನವೂ ಹುಟ್ಟುವುದಿಲ್ಲ. ನನ್ನ ಆಕ್ಷೇಪಣೆ ಎಲ್ಲ ಸುತ್ತುವುದು ಇದೊಂದರ ಸುತ್ತಲೇ.

ನಮ್ಮ ಮೆಣಸಿನಕಾಯಿ ವ್ಯಾಪಾರದ ವೆಬ್‌ಸೈಟ್ ಮೊದಲ ಪುಟದಾಗ ಬರತಿತ್ತು, ಈಗ ಬರವಲ್ದು. ಇದೂ ಸೆನ್ಸಾರ್ ಏನ್ರಿ?

ಬ್ಯಾಡಗಿಯಿಂದ ಬಂದ ಪ್ರಶ್ನೆ. ಅಲ್ಲ. ಗೂಗಲ್ ತನ್ನ ಶ್ರೇಯಾಂಕದ ಲೆಕ್ಕವನ್ನು ಆಗಾಗ ಬದಲಿಸುತ್ತದೆ, ಅದರ ಹೊಡೆತ ಇದು. ಅದರಲ್ಲೂ ಅನ್ಯಾಯ ಇರಬಹುದು. ಆದರೆ ಸರ್ಕಾರದ ಕೈ ಇಲ್ಲದ ಕಡೆ ಸೆನ್ಸಾರ್ ಎಂದರೆ ಆ ಮಾತಿನ ಹರಿತ ಹೋಗುತ್ತದೆ.

2021ರಾಗ ಕನ್ನಡಕ್ಕ ಅವಮಾನ ಆದಾಗ ನಾವೆಲ್ಲಾ ಸೇರಿ ಗೂಗಲ್‌ನಿಂದ ತಗಸಿದ್ವಿ. ಹಂಗಾದ್ರ ನಾವೂ ಸೆನ್ಸಾರ್ ಮಾಡಿದಂಗ ಆತಲ್ರಿ?

ಈ ಪ್ರಶ್ನೆ ಕೇಳಿದ ಹುಡುಗಿಗೆ ಶಹಬ್ಬಾಸ್ ಹೇಳಿದೆ.

ನಡೆದದ್ದು ಇಷ್ಟು. 2021ರ ಜೂನ್ ಮೊದಲ ವಾರ, ಭಾರತದ ಅತಿ ಕುರೂಪ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ ಮೇಲಿನ ಪೆಟ್ಟಿಗೆಯಲ್ಲಿ ದಪ್ಪಕ್ಷರದಲ್ಲಿ ಕನ್ನಡ ಎಂದು ತೋರಿಸುತ್ತಿತ್ತು. ಭಾಷೆಗೂ ತನಗೂ ಸಂಬಂಧವಿಲ್ಲದ ಯಾವುದೋ ಜಾಲತಾಣದ ಸಾಲನ್ನು ಯಂತ್ರ ಎತ್ತಿಕೊಂಡು ಉತ್ತರ ಮಾಡಿತ್ತು. ಜನ ಸಿಟ್ಟಿಗೆದ್ದರು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ನೋಟಿಸ್ ಕೊಡುವುದಾಗಿ ಹೇಳಿದರು. ಗೂಗಲ್ ಅದನ್ನು ತೆಗೆದು ಕ್ಷಮೆ ಕೇಳಿತು.

ಇಲ್ಲಿ ಎರಡು ಸಂಗತಿ ಬೇರೆ ಮಾಡಬೇಕು. ಹತ್ತು ಕೊಂಡಿಗಳ ಪಟ್ಟಿ ಕೊಟ್ಟಾಗ ಗೂಗಲ್ ಬೇರೆಯವರ ಮಾತಿಗೆ ದಾರಿ ತೋರಿಸುತ್ತದೆ. ಪೆಟ್ಟಿಗೆ ಕಟ್ಟಿ ಒಂದೇ ಉತ್ತರ ಕೊಟ್ಟಾಗ ಅದು ತಾನೇ ಮಾತಾಡುತ್ತದೆ. ತಾನೇ ಆಡಿದ ಸುಳ್ಳನ್ನು ತಿದ್ದಿಕೋ ಎಂದು ಜನ ಒತ್ತಾಯಿಸಿದರೆ ಅದು ಸೆನ್ಸಾರ್ ಅಲ್ಲ. ಪತ್ರಿಕೆಗೆ ತಿದ್ದುಪಡಿ ಹಾಕು ಎಂದು ಕೇಳಿದಷ್ಟೇ. ಆದರೆ ಆ ಮೂಲ ಪುಟವನ್ನೇ ಯಾರಿಗೂ ಕಾಣದಂತೆ ಮಾಡು ಎಂದಿದ್ದರೆ ಮಾತು ಬೇರೆ ಆಗುತ್ತಿತ್ತು. ಸಚಿವರ ನೋಟಿಸಿನ ಮಾತು ನನಗೆ ಆಗಲೂ ಸರಿಬರಲಿಲ್ಲ. ಜನರ ಸಿಟ್ಟಿಗೆ ಕಂಪನಿ ಬಗ್ಗುವುದು ಒಂದು, ಅಧಿಕಾರದ ಬೆದರಿಕೆಗೆ ಬಗ್ಗುವುದು ಇನ್ನೊಂದು. ಇಂದು ಕನ್ನಡದ ಪರವಾಗಿ ಎದ್ದ ಕೈ ನಾಳೆ ಕನ್ನಡದಲ್ಲೇ ಬರೆದವನ ಮೇಲೆ ಎದ್ದರೆ ಆಗ ನಾವು ಏನು ಹೇಳುವುದು?

ಯಾವ ದೇಶದಾಗ ವ್ಯಾಪಾರ ಮಾಡತಾರೋ ಆ ದೇಶದ ಕಾನೂನು ಪಾಲಿಸಬೇಕಲ್ರಿ? ಅದ್ರಾಗ ತಪ್ಪೇನೈತಿ?

ಪಾಲಿಸಬೇಕು, ಸರಿ. ವಿದೇಶಿ ಕಂಪನಿಯೊಂದು ನಮ್ಮ ಕಾನೂನಿನಲ್ಲಿ ತನಗೆ ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುತ್ತೇನೆ ಎಂದರೆ ನಾನೂ ಒಪ್ಪುವುದಿಲ್ಲ. ಜರ್ಮನಿಯಲ್ಲಿ ನಾಜಿ ಪ್ರಚಾರ ಅಪರಾಧ. ಅಲ್ಲಿನ ಮತ್ತು ಫ್ರಾನ್ಸಿನ ಗೂಗಲ್‌ನಲ್ಲಿ ಅಂಥ ನೂರಕ್ಕೂ ಹೆಚ್ಚು ತಾಣಗಳು ಕಾಣುವುದಿಲ್ಲ ಎಂದು 2002ರಲ್ಲೇ ಹಾರ್ವರ್ಡ್‌ನ ಸಂಶೋಧಕರು ತೋರಿಸಿದ್ದರು. ಅದಕ್ಕೆ ಯಾರೂ ದೊಡ್ಡದಾಗಿ ಅಳಲಿಲ್ಲ.

ಆದರೆ "ಪಾಲಿಸು ಇಲ್ಲವೇ ಬಿಟ್ಟು ಹೋಗು" ಎಂಬ ಎರಡೇ ದಾರಿ ಇವೆ ಎಂಬುದು ಕಂಪನಿಗಳಿಗೆ ಅನುಕೂಲವಾದ ಕಥೆ. ನಡುವೆ ಬಹಳ ಮೆಟ್ಟಿಲಿವೆ. ಫೋನಿನಲ್ಲಿ ಹೇಳಿದ್ದಕ್ಕೆ ಬಗ್ಗದೆ ಲಿಖಿತ ಆದೇಶ ಕೇಳಬಹುದು. ಆದೇಶ ಕೊಟ್ಟವರಿಗೆ ಆ ಅಧಿಕಾರ ಇದೆಯೇ ಎಂದು ನೋಡಬಹುದು. ಇಡೀ ತಾಣದ ಬದಲು ಒಂದೇ ಪುಟ, ಇಡೀ ಜಗತ್ತಿನ ಬದಲು ಒಂದೇ ದೇಶ ಎಂದು ಇಕ್ಕಟ್ಟು ಮಾಡಬಹುದು. ಬರೆದವನಿಗೆ ತಿಳಿಸಬಹುದು. ಹುಡುಕುವವನಿಗೆ "ಇಲ್ಲಿಂದ ಏನೋ ತೆಗೆದಿದ್ದೇವೆ" ಎಂದು ಒಂದು ಸಾಲು ಹಾಕಬಹುದು. ವರ್ಷಕ್ಕೆ ಎಷ್ಟು ಆದೇಶ ಬಂತು ಎಂದು ಪ್ರಕಟಿಸಬಹುದು. ಗೂಗಲ್ 2010ರಿಂದ ಪಾರದರ್ಶಕತಾ ವರದಿ ಕೊಡುತ್ತಿದೆ. ಕೋರ್ಟಿಗೆ ಹೋಗಬಹುದು. ಕಂಪನಿಯ ನೀತಿಯನ್ನು ನಾನು ಅಳೆಯುವುದು ಅದು ಈ ಮೆಟ್ಟಿಲುಗಳಲ್ಲಿ ಎಷ್ಟು ಹತ್ತಿತು ಎಂಬುದರಿಂದ. ಎಲ್ಲಕ್ಕಿಂತ ಕೀಳಾದದ್ದು ತೆಗೆದದ್ದನ್ನೂ ಮುಚ್ಚಿಡುವುದು.

ಚೀನಾದಾಗ ಗೂಗಲ್ ಒಮ್ಮೆ ಒಪ್ಪಿಕೊಂಡು ಆಮ್ಯಾಲೆ ಬಿಟ್ಟು ಬಂತಂತ. ಯಾವುದು ಸರಿ?

ಇದಕ್ಕೆ ಉದ್ದ ಉತ್ತರ ಬೇಕು.

2006ರ ಜನವರಿಯಲ್ಲಿ ಗೂಗಲ್ ಚೀನಾಕ್ಕಾಗಿ ಬೇರೆ ತಾಣ ತೆರೆಯಿತು. ಅಲ್ಲಿಯ ಸರ್ಕಾರಕ್ಕೆ ಬೇಡವಾದ ಫಲಿತಾಂಶಗಳನ್ನು ತಾನೇ ತೆಗೆಯಲು ಒಪ್ಪಿತು. ಸೆನ್ಸಾರ್ ಮಾಡುವುದು ನಮ್ಮ ಧ್ಯೇಯಕ್ಕೆ ವಿರುದ್ಧ, ಆದರೆ ಅಷ್ಟು ಜನಕ್ಕೆ ಏನೂ ಕೊಡದೆ ಇರುವುದು ಇನ್ನೂ ವಿರುದ್ಧ ಎಂಬುದು ಅದರ ವಾದ. ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್, ಸಿಸ್ಕೋ ನಾಲ್ಕನ್ನೂ ಎದುರು ಕೂರಿಸಿ ಬೆವರಿಳಿಸಿತು.

ಆಗ ಯಾಹೂ ಮಾಡಿದ್ದು ಎಲ್ಲರ ತಲೆಯಲ್ಲಿತ್ತು. ಶಿ ತಾವೊ ಎಂಬ ಪತ್ರಕರ್ತ 2004ರಲ್ಲಿ, ತಿಯಾನನ್ಮೆನ್ ಹತ್ಯಾಕಾಂಡದ (1989ರಲ್ಲಿ ಬೀಜಿಂಗಿನಲ್ಲಿ ಪ್ರತಿಭಟನಾಕಾರರ ಮೇಲೆ ಸೇನೆ ಗುಂಡು ಹಾರಿಸಿದ್ದು) ವಾರ್ಷಿಕ ದಿನದ ಸುದ್ದಿಯನ್ನು ಪತ್ರಿಕೆಗಳು ಹೇಗೆ ನಿಭಾಯಿಸಬೇಕು ಎಂಬ ಸರ್ಕಾರಿ ಸೂಚನೆಯನ್ನು ತನ್ನ ಯಾಹೂ ಇಮೇಲಿನಿಂದ ಹೊರದೇಶಕ್ಕೆ ಕಳಿಸಿದ್ದರು. ಆ ಖಾತೆಯ ವಿವರವನ್ನು ಯಾಹೂ ಚೀನಾದ ಅಧಿಕಾರಿಗಳಿಗೆ ಕೊಟ್ಟಿತು. 2005ರಲ್ಲಿ ಅವರಿಗೆ 10 ವರ್ಷ ಜೈಲಾಯಿತು. 2007ರಲ್ಲಿ ಯಾಹೂ ಮುಖ್ಯಸ್ಥರನ್ನು ಅಮೆರಿಕದ ಸಂಸದ ಟಾಮ್ ಲ್ಯಾಂಟೋಸ್ ವಿಚಾರಣೆಯಲ್ಲಿ ತರಾಟೆಗೆ ತೆಗೆದುಕೊಂಡರು. ಹಣದಲ್ಲಿ ದೈತ್ಯರು, ನೀತಿಯಲ್ಲಿ ಕುಬ್ಜರು ಎಂಬ ಅರ್ಥದ ಅವರ ಮಾತು ಪ್ರಸಿದ್ಧವಾಯಿತು. ಅದೇ ತಿಂಗಳು ಯಾಹೂ ಬಾಧಿತ ಕುಟುಂಬಗಳೊಂದಿಗೆ ರಾಜಿ ಮಾಡಿಕೊಂಡಿತು.

ಗೂಗಲ್ ಶಿ ತಾವೊ ಪ್ರಕರಣವನ್ನು ನೋಡಿಯೇ 2006ರಲ್ಲಿ ಎರಡು ಎಚ್ಚರ ವಹಿಸಿತ್ತು. ಜಿಮೇಲ್, ಬ್ಲಾಗರ್ ಸೇವೆಗಳನ್ನು ಚೀನಾದೊಳಗೆ ತರಲಿಲ್ಲ. ಜನರ ಖಾಸಗಿ ಮಾಹಿತಿ ಅಲ್ಲಿ ಇಟ್ಟರೆ ತಾನೆ ಕೊಡು ಎಂದು ಕೇಳುವುದು? ಎರಡನೆಯದಾಗಿ, ಫಲಿತಾಂಶ ತೆಗೆದಾಗ ಪುಟದ ಕೆಳಗೆ, ಸ್ಥಳೀಯ ಕಾನೂನಿನಂತೆ ಕೆಲವನ್ನು ತೋರಿಸಿಲ್ಲ ಎಂದು ಬರೆಯುತ್ತಿತ್ತು. ಇದನ್ನು ಗೇಲಿ ಮಾಡಿದವರೇ ಹೆಚ್ಚು. ನನಗೆ ಮಾತ್ರ ಆ ಸಾಲು ಸಣ್ಣದು ಎನಿಸುವುದಿಲ್ಲ. ಬೀಜಿಂಗಿನ ವಿದ್ಯಾರ್ಥಿಯೊಬ್ಬ ಅದನ್ನು ಓದಿದಾಗ, ತನಗೆ ಪೂರ್ತಿ ಸಿಕ್ಕಿಲ್ಲ ಎಂಬುದಾದರೂ ಅವನಿಗೆ ತಿಳಿಯುತ್ತದೆ.

2010ರ ಜನವರಿ 12ರಂದು ಗೂಗಲ್ ತನ್ನ ಮೇಲೆ ಚೀನಾದಿಂದ ಸೈಬರ್ ದಾಳಿ ಆಗಿದೆ, ಮಾನವ ಹಕ್ಕು ಕಾರ್ಯಕರ್ತರ ಜಿಮೇಲ್ ಖಾತೆಗಳು ಅದರ ಗುರಿಯಾಗಿದ್ದವು ಎಂದು ಪ್ರಕಟಿಸಿತು. ಇನ್ನು ಸೆನ್ಸಾರ್ ಮಾಡುವುದಿಲ್ಲ ಎಂದೂ ಹೇಳಿತು. ಮಾರ್ಚಿನಲ್ಲಿ ಚೀನಾದ ಬಳಕೆದಾರರನ್ನು ಹಾಂಕಾಂಗ್ ತಾಣಕ್ಕೆ ತಿರುಗಿಸಿತು. ಸ್ಥಾಪಕರಲ್ಲಿ ಒಬ್ಬರಾದ ಸರ್ಗೆ ಬ್ರಿನ್ ಹುಟ್ಟಿದ್ದು ಸೋವಿಯತ್ ಮಾಸ್ಕೋದಲ್ಲಿ. ಅಂಥ ಆಡಳಿತದ ರುಚಿ ಗೊತ್ತಿದ್ದವರ ಮಾತಿಗೆ ಆ ದಿನಗಳಲ್ಲಿ ತೂಕ ಬಂದಿರಬೇಕು.

ಕಥೆ ಇಲ್ಲಿಗೆ ಮುಗಿದಿದ್ದರೆ ಗೂಗಲ್ ನಾಯಕ ಆಗುತ್ತಿತ್ತು. 2018ರ ಆಗಸ್ಟಿನಲ್ಲಿ, ಗೂಗಲ್ ಗುಟ್ಟಾಗಿ ಡ್ರಾಗನ್‌ಫ್ಲೈ ಎಂಬ ಹೆಸರಿನಲ್ಲಿ ಚೀನಾಕ್ಕೆ ಮತ್ತೆ ಸೆನ್ಸಾರ್ ಸಹಿತ ಸರ್ಚ್ ಸಿದ್ಧಪಡಿಸುತ್ತಿದೆ ಎಂಬ ಸುದ್ದಿ ಹೊರಬಿತ್ತು. ಹುಡುಕಾಟವನ್ನು ಬಳಕೆದಾರನ ಫೋನ್ ನಂಬರಿಗೆ ಜೋಡಿಸುವ ಯೋಜನೆ ಅದರಲ್ಲಿತ್ತೆಂದು ವರದಿಯಾಯಿತು. ಸುಮಾರು 1,400 ನೌಕರರು ಸಹಿ ಹಾಕಿ ಕಂಪನಿಯನ್ನೇ ಪ್ರಶ್ನಿಸಿದರು. 2019ರ ಜುಲೈನಲ್ಲಿ ಗೂಗಲ್ ಅಧಿಕಾರಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಆ ಯೋಜನೆ ಕೈಬಿಟ್ಟಿದ್ದೇವೆ ಎಂದರು.

ಹಾಗಾಗಿ ನನ್ನ ಉತ್ತರ: 2006ರ ನಿರ್ಧಾರ ಚರ್ಚೆಗೆ ಯೋಗ್ಯವಾದ ತಪ್ಪು. ಅದರ ಪರವಾಗಿ ಒಬ್ಬ ಪ್ರಾಮಾಣಿಕ ಮನುಷ್ಯ ವಾದಿಸಬಹುದು. ಡ್ರಾಗನ್‌ಫ್ಲೈ ಪರ ವಾದಿಸಲು ಏನೂ ಉಳಿದಿಲ್ಲ. ಮೊದಲನೆಯದು ಫಲಿತಾಂಶವನ್ನು ಮರೆಮಾಡಿತ್ತು, ಎರಡನೆಯದು ಹುಡುಕಿದವರನ್ನೇ ಹಿಡಿದುಕೊಡಲು ಹೊರಟಿತ್ತು.

ಮತ್ತ ಬಿಂಗ್ ಇನ್ನೂ ಅಲ್ಲೇ ಐತಲ್ರಿ?

ಮೈಕ್ರೋಸಾಫ್ಟ್‌ನ ಆ ಸರ್ಚ್ ಎಂಜಿನ್ ಅಲ್ಲೇ ಇದೆ, ಸೆನ್ಸಾರ್ ಒಪ್ಪಿಕೊಂಡೇ. ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2023ರಲ್ಲಿ ಚೀನಾದ ಬಿಂಗ್‌ನ್ನು ಅಲ್ಲಿಯದೇ ಸರ್ಚ್ ಎಂಜಿನ್ ಬೈದು ಜೊತೆ ಹೋಲಿಸಿ ನೋಡಿತು. ರಾಜಕೀಯ ವಿಷಯಗಳಲ್ಲಿ ಬಿಂಗ್‌ನ ತಡೆಯ ನಿಯಮಗಳೇ ಹೆಚ್ಚು ಅಗಲವಾಗಿದ್ದವು. "ನಾವು ಇದ್ದರೆ ಜನಕ್ಕೆ ಸ್ವಲ್ಪವಾದರೂ ಹೆಚ್ಚು ಸಿಗುತ್ತದೆ" ಎಂಬ ವಾದದ ಕಾಲು ಇಲ್ಲಿ ಮುರಿಯಿತು.

ಇನ್ನೊಂದು ಘಟನೆ ನಮಗೂ ತಟ್ಟುವಂಥದ್ದು. 2021ರ ಜೂನ್ 4, ತಿಯಾನನ್ಮೆನ್ ವಾರ್ಷಿಕ ದಿನ. ಟ್ಯಾಂಕುಗಳ ಮುಂದೆ ಒಬ್ಬನೇ ನಿಂತ ಆ ಮನುಷ್ಯನ ಚಿತ್ರವನ್ನು ಬಿಂಗ್‌ನಲ್ಲಿ ಹುಡುಕಿದರೆ ಅಮೆರಿಕ, ಯುರೋಪಿನಲ್ಲೂ ಏನೂ ಸಿಗಲಿಲ್ಲ. ಮಾನವ ದೋಷ ಎಂದು ಮೈಕ್ರೋಸಾಫ್ಟ್ ಹೇಳಿತು. ಇರಬಹುದು. ಬಿಂಗ್‌ನ ಸೂಚಿಯನ್ನೇ ನೆಚ್ಚಿದ ಡಕ್‌ಡಕ್‌ಗೋ ಎಂಬ ಇನ್ನೊಂದು ಸರ್ಚ್ ಎಂಜಿನ್‌ನಲ್ಲೂ ಚಿತ್ರ ಮಾಯವಾಗಿತ್ತು. ಒಂದು ದೇಶಕ್ಕೆಂದು ಸೋಸುವ ಯಂತ್ರ ಕಟ್ಟಿಟ್ಟರೆ ಅದು ಬೇರೆ ದೇಶಕ್ಕೂ ಒಂದು ಗುಂಡಿ ಒತ್ತುವಷ್ಟೇ ದೂರದಲ್ಲಿರುತ್ತದೆ.

ನಮ್ಮ ದೇಶದಾಗ ಕಾನೂನು ಏನು ಹೇಳತೈತ್ರಿ?

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ್ದು. 2008ರ ತಿದ್ದುಪಡಿಯಲ್ಲಿ ಸೆಕ್ಷನ್ 69ಎ ಬಂತು, 2009ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಕ್ಷಣೆ, ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಇವಕ್ಕೆ ಸಂಬಂಧಿಸಿದ ಅಪರಾಧಕ್ಕೆ ಪ್ರಚೋದನೆ ತಡೆಯುವುದು: ಈ ಕಾರಣಗಳಿಗಾಗಿ ಕೇಂದ್ರ ಸರ್ಕಾರ ತಡೆ ಆದೇಶ ಕೊಡಬಹುದು. ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಪಾಲಿಸದ ಮಧ್ಯವರ್ತಿಗೆ (ಬೇರೆಯವರ ಮಾಹಿತಿಯನ್ನು ಜನರಿಗೆ ತಲುಪಿಸುವ ಕಂಪನಿಗೆ) 7 ವರ್ಷದವರೆಗೆ ಜೈಲು. ಸರ್ಚ್ ಎಂಜಿನ್ ಕೂಡ ಮಧ್ಯವರ್ತಿಯೇ. ಪಟ್ಟಿಯನ್ನು ಇನ್ನೊಮ್ಮೆ ಓದಿ. ಯಾರದೋ ಮರ್ಯಾದೆ, ಯಾರದೋ ಮುಜುಗರ ಅದರಲ್ಲಿ ಇಲ್ಲ.

ಇನ್ನೊಂದು ಬಾಗಿಲು ಸೆಕ್ಷನ್ 79. ಬೇರೆಯವರು ಬರೆದದ್ದಕ್ಕೆ ಮಧ್ಯವರ್ತಿ ಹೊಣೆಯಲ್ಲ ಎಂಬ ರಕ್ಷಣೆ ಅಲ್ಲಿದೆ; ಕಾನೂನುಬಾಹಿರ ಎಂದು ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ಆ ರಕ್ಷಣೆ ಹೋಗುತ್ತದೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನಿನಲ್ಲಿ ಬರೆದ ಆಕ್ಷೇಪಾರ್ಹ ಮಾತಿಗೆ ಜೈಲು ಹೇಳುತ್ತಿದ್ದ 66ಎ ರದ್ದು ಮಾಡಿತು, 79ಕ್ಕೆ ಅಂಕುಶ ಹಾಕಿತು, 69ಎಯನ್ನು ಉಳಿಸಿತು. ಉಳಿಸಲು ಕೊಟ್ಟ ಕಾರಣ: ಅದರ ನಿಯಮಗಳಲ್ಲಿ ನೋಟಿಸ್, ವಿಚಾರಣೆ, ಪರಿಶೀಲನಾ ಸಮಿತಿ ಎಲ್ಲ ಇದೆ. ಕಾಗದದ ಮೇಲೆ ಇದೆ, ನಿಜ.

ಹಂಗಾದ್ರ ಸಮಸ್ಯೆ ಎಲ್ಲೈತಿ?

2009ರ ತಡೆ ನಿಯಮಗಳ 16ನೇ ನಿಯಮದಲ್ಲಿ. ದೂರು, ಕ್ರಮ ಎರಡನ್ನೂ ಕಟ್ಟುನಿಟ್ಟಾಗಿ ಗೌಪ್ಯವಾಗಿಡಬೇಕು ಎನ್ನುತ್ತದೆ ಅದು. 8ನೇ ನಿಯಮ ಬರೆದವನನ್ನೋ ಮಧ್ಯವರ್ತಿಯನ್ನೋ ಕರೆದು ಕೇಳಿ ಎಂದು ಹೇಳುತ್ತದೆ, ಉತ್ತರಿಸಲು ಕನಿಷ್ಠ 48 ಗಂಟೆ ಕೊಡುತ್ತದೆ. ಆದರೆ ಕಂಪನಿಯನ್ನು ಕರೆದರೆ ಕೆಲಸ ಮುಗಿಯಿತು ಎಂದು ಸರ್ಕಾರ ಓದಿಕೊಂಡರೆ, ಬರೆದವನಿಗೆ ತನ್ನ ಪುಟ ಏಕೆ ಹೋಯಿತು ಎಂಬುದೇ ತಿಳಿಯುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೂ ಇದೇ ಗೌಪ್ಯತೆಯನ್ನು ತೋರಿಸುತ್ತಾರೆ. ಆದೇಶವೇ ಕೈಯಲ್ಲಿಲ್ಲದೆ ಕೋರ್ಟಿನಲ್ಲಿ ಯಾವುದನ್ನು ಪ್ರಶ್ನಿಸುವುದು?

ಒಂದು ಉದಾಹರಣೆ ಪಾಠದಲ್ಲಿ ತಪ್ಪದೆ ಹೇಳುತ್ತೇನೆ. ವರದಕ್ಷಿಣೆಯನ್ನು ಅಣಕಿಸಲು ಒಬ್ಬ ಪತ್ರಕರ್ತರು ಜಾಲತಾಣ ಮಾಡಿದ್ದರು. ವರನ ನೌಕರಿ, ಜಾತಿ, ಸಂಬಳ ತುಂಬಿದರೆ ಅವನ ದರ ಇಷ್ಟು ಎಂದು ಲೆಕ್ಕ ಹೇಳುವ ಯಂತ್ರ. ಓದಿದರೆ ನಗು ಬರಬೇಕು, ಆಮೇಲೆ ನಾಚಿಕೆ ಬರಬೇಕು. 2018ರಲ್ಲಿ ಅದಕ್ಕೆ ತಡೆ ಬಿತ್ತು. ವರದಕ್ಷಿಣೆಗೆ ಪ್ರಚಾರ ಕೊಡುತ್ತದೆ ಎಂದು ಓದಿಕೊಂಡಿದ್ದರು! ಅವರು ದೆಹಲಿ ಹೈಕೋರ್ಟಿಗೆ ಹೋದರು. 2022ರ ಮೇ ತಿಂಗಳಲ್ಲಿ ಕೋರ್ಟ್ ತಡೆ ಆದೇಶದ ಪ್ರತಿಯನ್ನು ಅವರಿಗೆ ಕೊಡಿ, ಅವರ ಮಾತು ಕೇಳಿ ಎಂದಿತು. ತನ್ನ ತಾಣ ಏಕೆ ಮುಚ್ಚಿತು ಎಂಬ ಕಾಗದ ನೋಡಲು ಒಬ್ಬ ಮನುಷ್ಯನಿಗೆ ನಾಲ್ಕು ವರ್ಷ ಹಿಡಿಯಿತು. ಅದೂ ಇಂಗ್ಲಿಷ್ ಬಲ್ಲವರಿಗೆ. ಮುಂಡರಗಿಯಲ್ಲಿ ಕುಳಿತು ಕನ್ನಡದಲ್ಲಿ ಬರೆಯುವವರಿಗೆ?

ನಮ್ಮ ಹೈಕೋರ್ಟ್ ಏನಂದೈತಿ?

ಕರ್ನಾಟಕ ಹೈಕೋರ್ಟ್ ಈ ವಿಷಯದಲ್ಲಿ ದೇಶಕ್ಕೇ ಮುಖ್ಯವಾದ ಎರಡು ತೀರ್ಪು ಕೊಟ್ಟಿದೆ. ಎರಡೂ ಸರ್ಕಾರದ ಪರ. 2023ರ ಜೂನ್ 30ರಂದು, ತಡೆ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್‌ನ ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. 2025ರ ಸೆಪ್ಟೆಂಬರ್ 24ರಂದು, ಗೃಹ ಸಚಿವಾಲಯದ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ (ಹಳೆಯ ಟ್ವಿಟರ್) ಹಾಕಿದ್ದ ಅರ್ಜಿಯನ್ನೂ ವಜಾ ಮಾಡಿತು. ಸೆಕ್ಷನ್ 79ರ ಅಡಿಯ ನೋಟಿಸುಗಳನ್ನು ಕಂಪನಿಗಳಿಗೆ ಕಳಿಸುವ ವ್ಯವಸ್ಥೆ ಅದು. ಮೇಲ್ಮನವಿ ಹೋಗುವುದಾಗಿ ಎಕ್ಸ್ ಹೇಳಿತು. 2025ರ ನವೆಂಬರ್ 15ರಿಂದ ಇಂಥ ನೋಟಿಸನ್ನು ಜಂಟಿ ಕಾರ್ಯದರ್ಶಿ ದರ್ಜೆಗಿಂತ ಕೆಳಗಿನವರು, ಪೊಲೀಸರಲ್ಲಿ ಡಿಐಜಿಗಿಂತ ಕೆಳಗಿನವರು ಕೊಡುವಂತಿಲ್ಲ ಎಂದು ಕೇಂದ್ರವೇ ನಿಯಮ ತಿದ್ದಿತು. ಇದು ಒಳ್ಳೆಯ ಹೆಜ್ಜೆ. ಅಂದರೆ ಅದಕ್ಕೂ ಮೊದಲು ಎಷ್ಟು ಸಡಿಲವಿತ್ತು ಎಂಬುದನ್ನೂ ಇದೇ ಹೇಳುತ್ತದೆ.

ಒಂದು ಮಾತು ನಾನೂ ಒಪ್ಪುತ್ತೇನೆ: ಕಂಪನಿ ತನ್ನ ಲಾಭಕ್ಕಾಗಿ ನಾಗರಿಕನ ಹಕ್ಕಿನ ಮುಖವಾಡ ಹಾಕಿಕೊಳ್ಳಬಹುದು, ಆ ಎಚ್ಚರ ಬೇಕು. ಆದರೆ ನಾಗರಿಕನಿಗೆ ಆದೇಶವೇ ಸಿಗದಿದ್ದಾಗ ಅವನ ಪರ ಮಾತಾಡಲು ಕಂಪನಿ ಬಿಟ್ಟರೆ ಇನ್ಯಾರಿದ್ದಾರೆ ಎಂಬ ಪ್ರಶ್ನೆಗೆ ಎರಡೂ ತೀರ್ಪಿನಲ್ಲಿ ನನಗೆ ಸಮಾಧಾನ ಸಿಗಲಿಲ್ಲ.

ಒಳ್ಳೇ ಕಾರಣಕ್ಕ ತಗದ್ರ ಒಪ್ಪತೀರೇನ್ರಿ? ಭ್ರೂಣ ಲಿಂಗ ಪತ್ತೆ ಜಾಹೀರಾತಿನಂಥಾವು?

ಭಾರತದಲ್ಲಿ ಸರ್ಚ್ ಎಂಜಿನ್‌ಗಳ ಬಗ್ಗೆಯೇ ನಡೆದ ದೊಡ್ಡ ಮೊಕದ್ದಮೆಗಳಲ್ಲಿ ಇದೊಂದು. ಆದರೂ ಇದರ ಹೆಸರು ಕೇಳಿದವರು ತರಗತಿಯಲ್ಲಿ ಕಡಿಮೆ. ಲಿಂಗ ಪತ್ತೆ ನಿಷೇಧದ 1994ರ ಕಾಯ್ದೆಯ ಸೆಕ್ಷನ್ 22 ಅಂಥ ಜಾಹೀರಾತನ್ನು ನಿಷೇಧಿಸುತ್ತದೆ. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಅದನ್ನು ತೋರಿಸುತ್ತಿವೆ ಎಂದು ಸಾಬು ಮ್ಯಾಥ್ಯೂ ಜಾರ್ಜ್ ಎಂಬ ಕಾರ್ಯಕರ್ತರು 2008ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕಂಪನಿಗಳು ವರ್ಷಗಟ್ಟಲೆ "ತಾಂತ್ರಿಕವಾಗಿ ಆಗುವುದಿಲ್ಲ" ಎಂದವು. ಚೀನಾದಲ್ಲಿ ಆಗಿದ್ದು ಇಲ್ಲಿ ಏಕೆ ಆಗುವುದಿಲ್ಲವೋ! 2016ರ ಸೆಪ್ಟೆಂಬರಿನಲ್ಲಿ ಕೋರ್ಟ್ ಕೆಲವು ಪದಗುಚ್ಛಗಳನ್ನು ಹುಡುಕಿದರೆ ತಾನಾಗಿ ತಡೆಯಬೇಕು ಎಂಬ ದಾರಿಗೆ ಹೋಯಿತು, ನವೆಂಬರಿನಲ್ಲಿ ದೂರು ಕೊಡಲು ನೋಡಲ್ ಸಂಸ್ಥೆ ಮಾಡಿಸಿತು, 2017ರ ಡಿಸೆಂಬರ್ 13ರಂದು ಪ್ರಕರಣ ಮುಗಿಸಿತು.

ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಹೆಣ್ಣು ಭ್ರೂಣ ಕೊಲ್ಲಲು ದಾರಿ ತೋರಿಸಿ ಜಾಹೀರಾತಿನ ಹಣ ತಿನ್ನುವುದಕ್ಕೆ ವಾಕ್ ಸ್ವಾತಂತ್ರ್ಯ ಎನ್ನುವವರ ಜೊತೆ ನಾನಿಲ್ಲ. ತಕರಾರು ಇರುವುದು ಉಪಕರಣದ ಬಗ್ಗೆ. ಜಾಹೀರಾತು ತಡೆಯುವುದು ಬೇರೆ, ಪದವನ್ನೇ ತಡೆಯುವುದು ಬೇರೆ. ಹುಬ್ಬಳ್ಳಿಯ ವೈದ್ಯಕೀಯ ವಿದ್ಯಾರ್ಥಿನಿಯೂ, ಹಾವೇರಿಯ ಆಶಾ ಕಾರ್ಯಕರ್ತೆಯೂ, ಈ ಕಾಯ್ದೆಯ ಮೇಲೆ ಪ್ರಬಂಧ ಬರೆಯುವವರೂ ಅದೇ ಪದ ಹುಡುಕುತ್ತಾರೆ. ಜ್ಞಾನಕ್ಕಾಗಿ ಹುಡುಕುವವರಿಗೆ ಅಡ್ಡಿ ಬೇಡ, ಸೆಕ್ಷನ್ 22 ಮೀರುವುದಕ್ಕೆ ಮಾತ್ರ ತಡೆ ಎಂದು ಕೋರ್ಟೇ 2017ರಲ್ಲಿ ಸ್ಪಷ್ಟಪಡಿಸಬೇಕಾಯಿತು. ಆದರೂ ಈ ಪ್ರಕರಣದಲ್ಲಿ ನನಗೆ ಮೆಚ್ಚುಗೆಯಾಗುವುದು ಒಂದಿದೆ. ಎಲ್ಲವೂ ತೆರೆದ ಕೋರ್ಟಿನಲ್ಲಿ ನಡೆಯಿತು. ಯಾವುದನ್ನು, ಏಕೆ, ಎಷ್ಟು ಎಂಬುದನ್ನು ಇಂದಿಗೂ ಯಾರು ಬೇಕಾದರೂ ಓದಬಹುದು, ಬೈಯಬಹುದು. 69ಎ ಆದೇಶಗಳಿಗೆ ಆ ಭಾಗ್ಯವಿಲ್ಲ.

ನನ್ನ ಹಳೇ ಕೇಸಿನ ಸುದ್ದಿ ಹೆಸರು ಹೊಡದ್ರ ಬರತೈತಿ. ಅದನ್ನ ತಗಸೂದೂ ಸೆನ್ಸಾರ್ ಏನ್ರಿ?

ಸರ್ಕಾರ ತನಗಾಗಿ ತೆಗೆಸುವುದಕ್ಕೂ ಸಾಮಾನ್ಯ ಮನುಷ್ಯ ತನ್ನ ಖಾಸಗಿ ಬದುಕಿಗಾಗಿ ಕೇಳುವುದಕ್ಕೂ ವ್ಯತ್ಯಾಸವಿದೆ. ಯುರೋಪಿನ ನ್ಯಾಯಾಲಯ 2014ರ ಮೇ 13ರಂದು ಸ್ಪೇನಿನ ಒಬ್ಬರಿಗೆ ಈ ಹಕ್ಕು ಕೊಟ್ಟಿತು. 1998ರ ಹರಾಜು ಪ್ರಕಟಣೆ ಪತ್ರಿಕೆಯಲ್ಲಿ ಉಳಿಯಿತು, ಅವರ ಹೆಸರು ಹುಡುಕಿದಾಗ ಮಾತ್ರ ಬರಬಾರದು ಎಂದಿತು. 2017ರ ಜನವರಿಯಲ್ಲಿ ನಮ್ಮ ಹೈಕೋರ್ಟ್ ಒಬ್ಬ ತಂದೆಯ ಅರ್ಜಿಯ ಮೇಲೆ, ಮಗಳ ಕೇಸಿನಲ್ಲಿ ತಾನು ಕೊಟ್ಟಿದ್ದ ಆದೇಶದಿಂದಾಗಿ ಅವಳ ಹೆಸರು ಇಂಟರ್‌ನೆಟ್ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಹೇಳಿತು. ನಿಮ್ಮದು ಖುಲಾಸೆಯಾದ ಕೇಸಾದರೆ ವಕೀಲರನ್ನು ಕಾಣಿ. ನೀವು ಚುನಾವಣೆಗೆ ನಿಲ್ಲುವವರಾದರೆ ನನ್ನ ಸಹಾನುಭೂತಿ ಇಲ್ಲ.

ತಪ್ಪಿ ಬ್ಯಾರೇದಕ್ಕೂ ತಡೆ ಬಿದ್ದದ್ದು ಐತೇನ್ರಿ?

ಬೇಕಾದಷ್ಟು. 2014ರ ಡಿಸೆಂಬರಿನಲ್ಲಿ 32 ತಾಣಗಳಿಗೆ ತಡೆ ಹಾಕುವಾಗ ಕೋಡ್ ಹಂಚುವ ಗಿಟ್‌ಹಬ್, ವಿಡಿಯೊ ತಾಣ ವಿಮಿಯೊ, ಹಳೆಯ ಪುಟಗಳ ಸಂಗ್ರಹ ಇಂಟರ್‌ನೆಟ್ ಆರ್ಕೈವ್ ಎಲ್ಲ ಸೇರಿಹೋದವು; ಗಿಟ್‌ಹಬ್ ಇಲ್ಲದೆ ಎಂಜಿನಿಯರಿಂಗ್ ಹುಡುಗರು ಏನು ಮಾಡಬೇಕು? 2015ರಲ್ಲಿ 857 ತಾಣಗಳ ಪಟ್ಟಿ ಹೊರಟು, ಗದ್ದಲವಾಗಿ, ಕೆಲವೇ ದಿನದಲ್ಲಿ ಬಹುಪಾಲು ಹಿಂದೆ ಬಂತು. 2020ರ ಜುಲೈನಲ್ಲಿ ಡಕ್‌ಡಕ್‌ಗೋ ಎಂಬ ಸರ್ಚ್ ಎಂಜಿನ್ನೇ ಹಲವು ಜಾಲಗಳಲ್ಲಿ ಕೆಲದಿನ ತೆರೆಯಲಿಲ್ಲ.

ವಿಪಿಎನ್ ಹಾಕಿ ನೋಡಿದ್ರ?

ವಿಪಿಎನ್ (ಬೇರೆ ಕಡೆಯ ಸರ್ವರ್ ಮೂಲಕ ಸುತ್ತಿ ಹೋಗುವ ದಾರಿ) ಬಳಸುವುದೇ ಅಪರಾಧ ಎನ್ನುವ ಕಾನೂನು ದೇಶದಲ್ಲಿಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್, ವಿಪಿಎನ್ ಕಂಪನಿಗಳಿಗೆ ಗ್ರಾಹಕರ ವಿವರ 5 ವರ್ಷ ಇಟ್ಟುಕೊಳ್ಳಿ ಎಂದ ಮೇಲೆ ಕೆಲವು ಕಂಪನಿಗಳು ತಮ್ಮ ಸರ್ವರುಗಳನ್ನು ಭಾರತದಿಂದ ಎತ್ತಿಕೊಂಡು ಹೋದವು. ಆದರೆ ವಿಪಿಎನ್ ಹಾಕಲು, ಏನೋ ಕಾಣೆಯಾಗಿದೆ ಎಂದು ಮೊದಲು ಅನುಮಾನ ಬರಬೇಕಲ್ಲ.

ಇದೇನ್ ಹೊಸಾದ್ರಿ? ಮೊದಲೂ ಪತ್ರಿಕೆಗೆ ಸೆನ್ಸಾರ್ ಇರಲಿಲ್ಲೇನು?

ಇತ್ತು. ದೇಶೀ ಭಾಷೆಯ ಪತ್ರಿಕೆಗಳಿಗೆಂದೇ 1878ರಲ್ಲಿ ವೈಸರಾಯ್ ಲಿಟ್ಟನ್ ಕಾಯ್ದೆ ತಂದ, ಇಂಗ್ಲಿಷ್ ಪತ್ರಿಕೆಗಳನ್ನು ಬಿಟ್ಟ. 1882ರಲ್ಲಿ ಮುಂದಿನ ವೈಸರಾಯ್ ರಿಪ್ಪನ್ ಅದನ್ನು ತೆಗೆದ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದ ಕೂಡಲೇ ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿತು. ಓದುಗರಿಗೆ ಆ ಖಾಲಿ ಜಾಗವೇ ಎಲ್ಲ ಹೇಳಿತು. ಹುಡುಕಾಟದ ಪುಟದಲ್ಲಿ ಖಾಲಿ ಜಾಗ ಉಳಿಯುವುದಿಲ್ಲ, ಕೆಳಗಿನದು ಮೇಲೆ ಬಂದು ಕೂರುತ್ತದೆ. ಅದಕ್ಕೇ ಆ ಒಂದು ಸಾಲಿನ ಸೂಚನೆಗಾಗಿ ನಾನು ಇಷ್ಟು ಹಠ ಹಿಡಿಯುವುದು. ಕಾನೂನಿನ ಕಾರಣಕ್ಕೆ ಪುಟ ಕೊಡುತ್ತಿಲ್ಲ ಎಂದು ಹೇಳಲೆಂದೇ 451 ಎಂಬ ಸಂಕೇತ 2016ರಿಂದ ಇಂಟರ್‌ನೆಟ್ ಮಾನದಂಡದಲ್ಲಿದೆ. ಹಾಕಲು ಖರ್ಚಿಲ್ಲ, ಮನಸ್ಸು ಬೇಕು.

ಕನ್ನಡದಾಗ ಹುಡುಕವರಿಗೆ ಏನರ ಫರಕ್ ಐತೇನ್ರಿ?

ಬಹಳ ಇದೆ. ಇಂಗ್ಲಿಷಿನಲ್ಲಿ ಒಂದು ವಿಷಯಕ್ಕೆ ನೂರು ಪುಟವಿದ್ದರೆ ಒಂದು ಹೋದರೂ ಉಳಿದವು ಹೇಳುತ್ತವೆ. ನವಲಗುಂದದ ರೈತ ಕನ್ನಡದಲ್ಲಿ ಬೆಳೆ ವಿಮೆಯ ಬಗ್ಗೆಯೋ ಮಹದಾಯಿ ಬಗ್ಗೆಯೋ ಹುಡುಕಿದಾಗ ಕೆಲಸಕ್ಕೆ ಬರುವ ಪುಟ ಸಿಗುವುದು ಎರಡೋ ಮೂರೋ. ಅದರಲ್ಲಿ ಒಂದು ಸ್ಥಳೀಯ ಪತ್ರಕರ್ತರು ತಾವೇ ನಡೆಸುವ ತಾಣ ಆಗಿರುತ್ತದೆ. ಅದು ಪಟ್ಟಿಯಿಂದ ಹೋದರೆ ಆ ವಿಷಯವೇ ಕನ್ನಡದಿಂದ ಹೋದಂತೆ. ಅವರ ಬೆನ್ನಿಗೆ ದೊಡ್ಡ ಸಂಸ್ಥೆಯಿಲ್ಲ, ಬೆಂಗಳೂರಿನ ವಕೀಲರಿಲ್ಲ. ಒಂದು ನೋಟಿಸ್ ಬಂದರೆ ಮುಂದಿನ ಸಲ ಕೈ ತಾನಾಗಿಯೇ ತಡೆಯುತ್ತದೆ.

ಈಗ ಎಲ್ಲಾರೂ ಎಐ ಕೇಳತಾರ. ಅಲ್ಲಿ?

ಅಲ್ಲಿ ಪಟ್ಟಿಯೇ ಇಲ್ಲ, ಒಂದೇ ಉತ್ತರ. ಕೊಂಡಿ ಕೊಟ್ಟರೂ ಏನು ಬಿಟ್ಟಿತು ಎಂಬುದು ಅದರಿಂದ ಪತ್ತೆಯಾಗುವುದಿಲ್ಲ. ಚೀನಾದ ಡೀಪ್‌ಸೀಕ್ 2025ರ ಆರಂಭದಲ್ಲಿ ಹೆಸರು ಮಾಡಿದಾಗ ಜನ ಮೊದಲು ಕೇಳಿದ್ದೇ ತಿಯಾನನ್ಮೆನ್ ಬಗ್ಗೆ. ಅದು ಬೇರೆ ಮಾತಾಡೋಣ ಎಂದಿತು. ನಮ್ಮಲ್ಲಿ 2024ರಲ್ಲಿ ಗೂಗಲ್‌ನ ಎಐ ಜೆಮಿನಿ ಪ್ರಧಾನಿಯವರ ಬಗ್ಗೆ ಕೊಟ್ಟ ಉತ್ತರಕ್ಕೆ ಕೇಂದ್ರ ಸಚಿವರು ಇದು ಐಟಿ ನಿಯಮಗಳ ಉಲ್ಲಂಘನೆ ಎಂದರು. ಚುನಾವಣೆಗೆ ಮುನ್ನ ಗೂಗಲ್ ಚುನಾವಣಾ ಪ್ರಶ್ನೆಗಳಿಗೆ ಜೆಮಿನಿ ಉತ್ತರಿಸದಂತೆ ಮಾಡಿತು. ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ಮೇಲು, ಒಪ್ಪುತ್ತೇನೆ. ಆದರೆ ಯಾವಾಗ ಎಚ್ಚರದಿಂದ ಸುಮ್ಮನಿದೆ, ಯಾವಾಗ ಹೆದರಿ ಸುಮ್ಮನಿದೆ ಎಂದು ಹೊರಗಿನಿಂದ ಹೇಳುವುದು ಹೇಗೆ?

ನನ್ನ ಪುಟಾನ ಕಾಣದಂಗಾದ್ರ ಏನ್ ಮಾಡ್ಲಿ?

ಮೊದಲು, ತಾಣ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನ ನೋಡಿ. ತಾಂತ್ರಿಕ ಕಾರಣವಿದ್ದರೆ, ಕಾನೂನಿನ ನೋಟಿಸ್ ಬಂದಿದ್ದರೆ ಬಹುತೇಕ ಅಲ್ಲೇ ತಿಳಿಯುತ್ತದೆ. ಹುಡುಕಾಟದ ಪುಟದ ತುದಿಯಲ್ಲಿ ತೆಗೆದದ್ದರ ಸೂಚನೆ ಇದೆಯೇ ನೋಡಿ. ಕೆಲವು ನೋಟಿಸುಗಳ ಪ್ರತಿಯನ್ನು ಹಾರ್ವರ್ಡ್‌ನಲ್ಲಿ ಶುರುವಾದ ಲ್ಯೂಮೆನ್ ಸಂಗ್ರಹದಲ್ಲಿ ಹುಡುಕಬಹುದು. ಬೇರೆ ಬೇರೆ ಜಾಲಗಳಲ್ಲಿ ತೆರೆದು ಪರದೆಯ ಚಿತ್ರ ತೆಗೆದಿಡಿ, ದಿನಾಂಕ ಕಾಣುವಂತೆ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಸರ್ಕಾರದ ಆದೇಶ ಎಂದು ಖಚಿತವಾದರೆ ಪ್ರತಿ ಕೇಳಿ ಸಚಿವಾಲಯಕ್ಕೆ ಬರೆಯಿರಿ, ನಿರಾಕರಿಸಿದ ಉತ್ತರವನ್ನೂ ಜೋಪಾನ ಮಾಡಿ. ರಿಟ್ ಅರ್ಜಿಗೆ ಬೆಂಗಳೂರಿಗೇ ಓಡಬೇಕೆಂದಿಲ್ಲ, ಹೈಕೋರ್ಟ್ ಪೀಠ ಧಾರವಾಡದಲ್ಲೇ ಇದೆ.

ನನಗ ಬೆಂಗಳೂರಾಗ ಅಂಥಾ ಕಂಪನ್ಯಾಗ ನೌಕರಿ ಸಿಕ್ರ, ಆ ಸೋಸೂ ಕೋಡ್ ಬರಿ ಅಂದ್ರ?

ಮನೆಯಲ್ಲಿ ಸಾಲ ಇರುವ ಹುಡುಗನಿಗೆ ರಾಜೀನಾಮೆ ಕೊಡು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದೇಶ ಯಾವುದು, ಯಾವ ಕಾನೂನಿನಡಿ ಎಂದು ಕೇಳು. ತೆಗೆದ ಪ್ರತಿಯೊಂದಕ್ಕೂ ದಾಖಲೆ ಉಳಿಯುವಂತೆ ಬರೆ. ಸೂಚನೆಯ ಸಾಲನ್ನು ತೆಗೆ ಅಂದರೆ ಲಿಖಿತವಾಗಿ ಕೊಡಿ ಅನ್ನು. ಡ್ರಾಗನ್‌ಫ್ಲೈ ವಿರುದ್ಧ ಸಹಿ ಹಾಕಿದವರೂ ಸಂಬಳದ ಜನವೇ.

ಇದೆಲ್ಲಾ ಪರೀಕ್ಷೆಗೆ ಬರತೈತೇನ್ರಿ ಸರ್ರ?

ಬರಬಹುದು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆಗೆ ಶ್ರೇಯಾ ಸಿಂಘಾಲ್ ಮತ್ತು 69ಎ, ನಾಲ್ಕನೆಯದಕ್ಕೆ ಚೀನಾದ ಗೂಗಲ್ ಪ್ರಕರಣ ಒಳ್ಳೆಯ ಸರಕು. 66ಎ ಮತ್ತು 69ಎ ಅದಲು ಬದಲು ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ತೀರ್ಪನ್ನು ನೋಟ್ಸಿನಲ್ಲಿ ಓದಬೇಡಿ, ಮೂಲವನ್ನೇ ಓದಿ; ಸುಪ್ರೀಂ ಕೋರ್ಟಿನ ತಾಣದಲ್ಲಿ ಪುಕ್ಕಟೆ ಸಿಗುತ್ತದೆ.